ಧಾರವಾಡ ಸೀಮೆಯ ಮಣ್ಣಿನ ಮಾಳಿಗೆಗಳು

ಗೃಹನಿರ್ಮಾಣದಲ್ಲಿ ಪರಿಸರದ ವಿಚಾರವು ಈಚಿನದೆಂದು ಹೇಳುವುದುಂಟು. ಹುಬ್ಬಳ್ಳಿ-ಧಾರವಾಡದ ಹಳೆಯ ಮನೆಗಳನ್ನು ಪರಿಶೀಲಿಸಿದರೆ ಈ ಮಾತನ್ನು ತಿದ್ದಿಕೊಳ್ಳಬೇಕಾಗುವುದು.

ಧಾರವಾಡವು ಮಲೆನಾಡು ಬಯಲುಸೀಮೆಗಳು ಸೇರುವ ಎಡೆಯಲ್ಲಿದೆ. ಆದುದರಿಂದಲೇ ಪಶ್ಚಿಮದ ಊರುಗಳಲ್ಲಿ ಇಳಿಜಾರಿನ ಹಂಚಿನ ಮನೆಗಳೂ ಪೂರ್ವದ ಎರೆನೆಲದಲ್ಲಿ ಮಣ್ಣಿನ ಮಾಳಿಗೆಗಳೂ ರೂಢಿಗೆ ಬಂದವು. ತೊಲೆ ಜಂತಿಗಳ ಮೇಲೆ ಸವಳುಮಣ್ಣನ್ನು ಹರಡಿದ ಮಾಳಿಗೆಯು ಬೇಸಗೆಯ ತಾಪವನ್ನು ತಡೆಯುತ್ತಿದ್ದಿತು. ಮನೆಯನ್ನು ಕೆಡವಿದಾಗ ಮಣ್ಣು ನೆಲಕ್ಕೂ ತೊಲೆಗಳು ಮತ್ತೊಂದು ಮನೆಗೂ ಸಲ್ಲುತ್ತಿದ್ದವು. ಆದರೆ ಮಳೆಗಾಲಕ್ಕೆ ಮುನ್ನ ಮಾಳಿಗೆಯನ್ನು ದುರಸ್ತಿ ಮಾಡಲೇಬೇಕಾಗಿದ್ದಿತು.

1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರಖಾನೆಯನ್ನು ತೆರೆದರು. 1880ರ ದಶಕದಲ್ಲಿ ಈ ಸೀಮೆಗೆ ರೈಲು ಬಂದು, ದೂರದ ಸಾಮಗ್ರಿಗಳು ಸುಲಭವಾದವು. ಸ್ವಾತಂತ್ರ್ಯಾನಂತರ ಸಿಮೆಂಟು ಕಬ್ಬಿಣಗಳು ವ್ಯಾಪಿಸಿ ವಾರ್ಷಿಕ ಶ್ರಮವು ತಪ್ಪಿತು. ಅದರೊಡನೆ ದುರಸ್ತಿಯ ವಿದ್ಯೆಯೂ ಕ್ಷೀಣಿಸಿತು. 2019ರ ಆಗಸ್ಟಿನ ಮಳೆಯಲ್ಲಿ ಉತ್ತರ ಕರ್ನಾಟಕದ ಅನೇಕ ಮಣ್ಣಿನ ಮನೆಗಳು ಕುಸಿದವು. ನೀರಿನ ಹೊಡೆತಕ್ಕೆ ಹಸಿಗೋಡೆ ನಿಲ್ಲದೆಂಬುದು ನಿಜ. ಆರೈಕೆ ತಪ್ಪಿದ ಮನೆ ಇನ್ನೂ ಬೇಗ ಬೀಳುವುದೆಂಬುದನ್ನೂ ಮರೆಯಲಾಗದು.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು, ಮಣ್ಣಿಗೆ ಅಲ್ಪಪ್ರಮಾಣದ ಸಿಮೆಂಟನ್ನು ಬೆರೆಸಿ ಯಂತ್ರದಿಂದ ಒತ್ತಿದ, ಸುಡಬೇಕಿಲ್ಲದ ಇಟ್ಟಿಗೆಯ ಬಳಕೆಯನ್ನು ನಾಡಿನಲ್ಲಿ ಬೆಳೆಸಿತು. ಇದಕ್ಕೆ ಮರಳು ಬೆರೆತ ಕೆಮ್ಮಣ್ಣು ಒದಗುವುದು. ಹಿಗ್ಗಿ ಕುಗ್ಗುವ ಎರೆಮಣ್ಣಿಗೆ ಸುಣ್ಣದ ಸಂಸ್ಕಾರ ಅಗತ್ಯ. 2007ರಲ್ಲಿ ಕೇಂದ್ರ ಸರಕಾರವು ದೊಡ್ಡ ವಾಣಿಜ್ಯ ಕಟ್ಟಡಗಳಿಗಾಗಿ ಇಂಧನ ಸಂರಕ್ಷಣೆಯ ಸಂಹಿತೆಯನ್ನು ಹೊರಡಿಸಿತು.

ಸಾಮಗ್ರಿಯನ್ನೂ ಇಂಧನವನ್ನೂ ಅಳೆಯಲು ನಾವು ಕಲಿತಿದ್ದೇವೆ. ಮನೆಯನ್ನು ಮುಂದೆ ಯಾರು ದುರಸ್ತಿ ಮಾಡುವರೆಂಬ ಹಳೆಯ ಪ್ರಶ್ನೆಯನ್ನೂ ಆ ಲೆಕ್ಕಕ್ಕೆ ಸೇರಿಸಬೇಕೆಂದು ನಾವು ಭಾವಿಸುತ್ತೇವೆ.