ಮೂಲ ಔಷಧಪಟ್ಟಿಯ ಬೋಧನೆ

ಮೂಲ ಔಷಧಪಟ್ಟಿಯ ಬೋಧನೆ ಎಂದರೆ ಔಷಧಚೀಟಿ ಬರೆಯಲು ಕಲಿಯುತ್ತಿರುವವರಿಗೆ, ಅಂದರೆ ವೈದ್ಯ ವಿದ್ಯಾರ್ಥಿಗಳಿಗೂ ಬ್ರಿಟನ್ನಿನಂಥ ದೇಶಗಳಲ್ಲಿ ಆ ಅಧಿಕಾರ ಪಡೆಯುವ ದಾದಿಯರು ಮತ್ತು ಫಾರ್ಮಸಿಸ್ಟರಿಗೂ, ಹೆಚ್ಚು ಬಳಕೆಯಲ್ಲಿರುವ ಕೆಲವೇ ಔಷಧಗಳನ್ನು ಆಯ್ದು ಆಳವಾಗಿ ಕಲಿಸುವ ಕ್ರಮ. ಮಾರುಕಟ್ಟೆಯಲ್ಲಿ ದೊರೆಯುವ ಔಷಧಗಳನ್ನೆಲ್ಲ ಮೇಲುಮೇಲಕ್ಕೆ ಓದಿಸುವುದಕ್ಕಿಂತ, ಪ್ಯಾರಸಿಟಮಾಲ್, ಅಮಾಕ್ಸಿಸಿಲಿನ್, ಮೆಟ್‌ಫಾರ್ಮಿನ್, ಆಮ್ಲೋಡಿಪಿನ್, ಸಾಲ್ಬುಟಮಾಲ್ ಮುಂತಾದ, ಹೊಸ ವೈದ್ಯರು ಪದೇಪದೇ ಬರೆಯಬೇಕಾಗುವ ಔಷಧಗಳನ್ನು ಪೂರ್ಣವಾಗಿ ಅರಿಯುವಂತೆ ಮಾಡುವುದೇ ರೋಗಿಯ ಸುರಕ್ಷತೆಗೆ ಭದ್ರವಾದ ಬುನಾದಿ ಎಂಬುದು ಇದರ ಆಧಾರತತ್ತ್ವ.

ಹಿನ್ನೆಲೆ: ಜನತೆಯ ಮುಖ್ಯ ಆರೋಗ್ಯ ಅಗತ್ಯಗಳನ್ನು ಮಿತಸಂಖ್ಯೆಯ ಔಷಧಗಳಿಂದಲೇ ಪೂರೈಸಬಹುದೆಂಬ ವಿಚಾರಕ್ಕೆ 1977ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಮೊದಲ ಅಗತ್ಯ ಔಷಧಗಳ ಪಟ್ಟಿ ಬಲ ನೀಡಿತು. ಈ ವಿಚಾರವನ್ನು ತರಗತಿಗೆ ತಂದವರಲ್ಲಿ ನೆದರ್ಲೆಂಡ್ಸಿನ ಗ್ರೋನಿಂಗೆನ್ ವಿಶ್ವವಿದ್ಯಾಲಯದ ಅಧ್ಯಾಪಕರು ಪ್ರಮುಖರು. ಅಲ್ಲಿನ ಬೋಧನಾನುಭವದ ಆಧಾರದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹೊರತಂದ ಕೈಪಿಡಿಯು ಪಿ-ಡ್ರಗ್ ಎಂಬ ಪರಿಕಲ್ಪನೆಯನ್ನು ಪ್ರಚುರಪಡಿಸಿತು. ಪರಿಣಾಮ, ಸುರಕ್ಷತೆ, ರೋಗಿಗೆ ಹೊಂದಿಕೆ ಮತ್ತು ವೆಚ್ಚ ಎಂಬ ನಾಲ್ಕು ಅಂಶಗಳನ್ನು ತೂಗಿನೋಡಿ, ಒಂದು ಕಾಯಿಲೆಗೆ ತಾನು ಮೊದಲು ಬಳಸಬೇಕೆಂದು ವೈದ್ಯ ಮುಂಚಿತವಾಗಿಯೇ ಆರಿಸಿಟ್ಟುಕೊಂಡ ಔಷಧವೇ ಪಿ-ಡ್ರಗ್. ದೆಹಲಿ, ಕಠ್ಮಂಡು, ಲಾಗೋಸ್ ಸೇರಿದಂತೆ ಏಳು ನಗರಗಳ ವೈದ್ಯ ವಿದ್ಯಾರ್ಥಿಗಳ ಮೇಲೆ ನಡೆದು 1995ರಲ್ಲಿ ಪ್ರಕಟವಾದ ತೌಲನಿಕ ಅಧ್ಯಯನದಲ್ಲಿ, ನೋವಿನ ಚಿಕಿತ್ಸೆಯನ್ನು ಆಧರಿಸಿ ಈ ವಿಧಾನದಲ್ಲಿ ಕಿರುತರಬೇತಿ ಪಡೆದವರು, ತಮಗೆ ಕಲಿಸದಿದ್ದ ಕಾಯಿಲೆಗಳ ವಿಷಯದಲ್ಲಿಯೂ ಉಳಿದವರಿಗಿಂತ ಉತ್ತಮವಾಗಿ ಔಷಧ ನಿರ್ಧರಿಸಿದರು.

ಆಯ್ಕೆ: ಪಟ್ಟಿ ರಚಿಸುವಾಗ ಪ್ರಾಥಮಿಕ ಚಿಕಿತ್ಸಾ ಕೇಂದ್ರಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಯಾವ ಔಷಧವನ್ನು ಎಷ್ಟು ಬಾರಿ ಬರೆಯಲಾಗುತ್ತದೆ ಎಂಬುದನ್ನು ಮೊದಲು ಪರಿಶೀಲಿಸಲಾಗುತ್ತದೆ. ಆದರೆ ಬಳಕೆಯ ಪ್ರಮಾಣವೊಂದೇ ಅಳತೆಗೋಲಾಗುವುದಿಲ್ಲ. ಇನ್ಸುಲಿನ್, ವಾರ್ಫರಿನ್, ಮಾರ್ಫಿನ್‌ಗಳಂತೆ ಪ್ರಮಾಣ ತಪ್ಪಿದರೆ ಪ್ರಾಣಕ್ಕೇ ಎರವಾಗಬಲ್ಲವುಗಳಿಗೂ, ಅಡ್ರಿನಲಿನ್‌ನಂತೆ ಅಪರೂಪಕ್ಕೆ ಬೇಕಾದರೂ ಕ್ಷಣವೂ ತಡಮಾಡದೆ ಕೊಡಬೇಕಾದವುಗಳಿಗೂ ಸ್ಥಾನ ನೀಡಬೇಕಾಗುತ್ತದೆ. ಲಂಡನ್ನಿನ ಸೇಂಟ್ ಜಾರ್ಜಸ್ ವೈದ್ಯಶಾಲೆಯ ಅಧ್ಯಾಪಕರು 2014ರಲ್ಲಿ ನೂರು ಔಷಧಗಳನ್ನು ಕುರಿತು ಪ್ರಕಟಿಸಿದ ಪಠ್ಯಪುಸ್ತಕ ಈ ಬಗೆಯ ಬೋಧನೆಗೆ ಹೆಸರಾದ ನಿದರ್ಶನ.

ಬೋಧನಕ್ರಮ: ಪ್ರತಿ ಔಷಧದ ಉಪಯೋಗ, ದೇಹದಲ್ಲಿ ಅದರ ಕ್ರಿಯೆ, ಪ್ರಮಾಣ, ಅಡ್ಡಪರಿಣಾಮ, ಅದನ್ನು ಯಾರಿಗೆ ಕೊಡಬಾರದು ಎಂಬ ಎಚ್ಚರಿಕೆ, ಕೊಟ್ಟ ಮೇಲೆ ಮಾಡಬೇಕಾದ ಪರೀಕ್ಷೆ ಇವನ್ನು ಒಂದಕ್ಕೊಂದು ಬೆಸೆದು ಕಲಿಸಲಾಗುತ್ತದೆ. ಉದಾಹರಣೆಗೆ ರಕ್ತದೊತ್ತಡಕ್ಕೆ ಕೊಡುವ ಎನಲಾಪ್ರಿಲ್ ಒಣಕೆಮ್ಮು ತರಬಹುದು, ರಕ್ತದ ಪೊಟ್ಯಾಸಿಯಂ ಮಟ್ಟವನ್ನು ಏರಿಸಬಹುದು, ಗರ್ಭಿಣಿಯರಿಗೆ ಸಲ್ಲದು ಎಂಬುದನ್ನು ಅರಿತ ವಿದ್ಯಾರ್ಥಿಗೆ ಅದೇ ಗುಂಪಿನ ಇತರ ಔಷಧಗಳ ಸ್ವಭಾವವೂ ತಿಳಿಯುತ್ತದೆ. ರೋಗಿಯ ಸಮಸ್ಯೆಯನ್ನು ಗುರುತಿಸುವುದು, ಚಿಕಿತ್ಸೆಯ ಗುರಿಯನ್ನು ನಿಶ್ಚಯಿಸುವುದು, ಆರಿಸಿದ ಔಷಧ ಆ ರೋಗಿಗೆ ಹೊಂದುತ್ತದೆಯೇ ಎಂದು ನೋಡುವುದು, ಚಿಕಿತ್ಸೆ ಆರಂಭಿಸುವುದು, ಔಷಧದ ಬಗ್ಗೆ ರೋಗಿಗೆ ತಿಳಿಹೇಳುವುದು, ಫಲವನ್ನು ಗಮನಿಸಿ ಮುಂದುವರಿಸುವುದು ಅಥವಾ ನಿಲ್ಲಿಸುವುದು ಎಂಬ ಆರು ಹಂತಗಳನ್ನು 1994ರ ಕೈಪಿಡಿ ವಿಧಿಸುತ್ತದೆ.

ಭಾರತದಲ್ಲಿ: 2019ರಲ್ಲಿ ಜಾರಿಗೆ ಬಂದ, ಸಾಮರ್ಥ್ಯವನ್ನು ಆಧರಿಸಿದ ಎಂಬಿಬಿಎಸ್ ಪಠ್ಯಕ್ರಮದಲ್ಲಿ, ನಿರ್ದಿಷ್ಟ ಕಾಯಿಲೆಗೆ ಪಿ-ಡ್ರಗ್‌ಗಳ ಪಟ್ಟಿ ಸಿದ್ಧಪಡಿಸಿ ವಿವರಿಸುವುದು ಔಷಧಶಾಸ್ತ್ರದ ಕಲಿಕಾಂಶಗಳಲ್ಲಿ ಒಂದಾಗಿದ್ದು, ಕರ್ನಾಟಕದ ವೈದ್ಯಕೀಯ ಕಾಲೇಜುಗಳಿಗೂ ಇದು ಅನ್ವಯಿಸುತ್ತದೆ. ಬೋಧನೆಗೆ ಆಕರವಾಗಬಲ್ಲ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯ 2022ರ ಆವೃತ್ತಿಯಲ್ಲಿ 384 ಔಷಧಗಳಿವೆ.

ಮಿತಿಗಳು: ಯಾವ ಪಟ್ಟಿಯೂ ಶಾಶ್ವತವಲ್ಲ. ದೀರ್ಘಕಾಲ ಎಲ್ಲೆಡೆ ಬಳಕೆಯಲ್ಲಿದ್ದ ರಾನಿಟಿಡಿನ್ ಅನ್ನು ಭಾರತದ 2022ರ ಪಟ್ಟಿಯಿಂದ ಕೈಬಿಡಲಾಯಿತು. ಪ್ರತಿಜೀವಕಗಳಿಗೆ ಬಗ್ಗದ ರೋಗಾಣುಗಳು ಹೆಚ್ಚಿದಂತೆ ಅವುಗಳ ಆಯ್ಕೆಯನ್ನೂ ಬದಲಿಸಬೇಕಾಗುತ್ತದೆ. ಅಧ್ಯಾಪಕರು ಕೊಟ್ಟ ಪಟ್ಟಿಯನ್ನು ಬಾಯಿಪಾಠ ಮಾಡಿದವರು ಇಂಥ ಬದಲಾವಣೆಯ ಮುಂದೆ ಅಸಹಾಯಕರಾಗುತ್ತಾರೆ. ಕಾರಣಗಳನ್ನು ತೂಗಿ ತಾವೇ ಆರಿಸಲು ಕಲಿತವರಾದರೆ ಹೊಸ ಔಷಧವನ್ನೂ ಅದೇ ನಾಲ್ಕು ಅಂಶಗಳಿಂದ ಪರೀಕ್ಷಿಸಿ ಸ್ವೀಕರಿಸಬಲ್ಲರು ಅಥವಾ ನಿರಾಕರಿಸಬಲ್ಲರು. ಆದ್ದರಿಂದ ಪಟ್ಟಿಯಷ್ಟೇ ಗಮನವನ್ನು ಅದನ್ನು ರೂಪಿಸುವ ವಿವೇಚನೆಗೂ ಕೊಡುವುದು ಈ ಬೋಧನೆಯ ಸಾರ್ಥಕತೆಗೆ ಅತ್ಯಗತ್ಯ.