ಕಂಟ್ರೋಲಿನ ಕಾಲದ ಕರಾವಳಿ: ಹೊನ್ನಾವರ, ಕುಮಟಾ, ಭಟ್ಕಳ ಸೀಮೆಯಲ್ಲಿ ಬೆಲೆ, ಬದುಕು ಮತ್ತು ಆಟ (1945–1957)

ಎರಡನೆಯ ಮಹಾಯುದ್ಧ 1945ರ ಆಗಸ್ಟ್ ತಿಂಗಳಲ್ಲಿ ನಿಂತಿತು. ಆದರೆ ಯುದ್ಧ ತಂದ ಪಡಿತರ ಚೀಟಿ, ಲೆವಿ, ಕಂಟ್ರೋಲ್ ಬಟ್ಟೆ, ಸೀಮೆಎಣ್ಣೆಯ ಅಭಾವ ಇವೆಲ್ಲ ನಿಲ್ಲಲಿಲ್ಲ. ಧಾನ್ಯದ ಮೇಲಿನ ನಿಯಂತ್ರಣ ಪೂರ್ತಿಯಾಗಿ ಹೋದದ್ದು 1954ರಲ್ಲಿ. ಆದ್ದರಿಂದ ಹೊನ್ನಾವರ, ಕುಮಟಾ, ಭಟ್ಕಳ ಸೀಮೆಯ ಮನೆಗಳ ಮಟ್ಟಿಗೆ ಯುದ್ಧಾನಂತರದ ಮೊದಲ ದಶಕವನ್ನು ಯುದ್ಧದ ಮುಂದುವರಿಕೆಯೆಂದೇ ಓದಬೇಕು. ಸ್ವಾತಂತ್ರ್ಯ, ಏಕೀಕರಣಗಳ ಕಥನದಲ್ಲಿ ಈ ಅಡುಗೆಮನೆಯ ಚರಿತ್ರೆ ಬದಿಗೆ ಸರಿದಿದೆ. ಅದನ್ನು ಮತ್ತೆ ನಡುವೆ ತಂದಿರಿಸುವುದು ಈ ಲೇಖನದ ಉದ್ದೇಶ.

ಆ ಕಾಲದ ಬೆಲೆಯೇರಿಕೆಯನ್ನು ವಿವರಿಸುವಾಗ ಭಾರತ ಸರ್ಕಾರದ ಆರ್ಥಿಕ ಸಲಹೆಗಾರರ ಸಗಟು ಬೆಲೆ ಸೂಚ್ಯಂಕವನ್ನು ಆಧಾರವಾಗಿ ಹಿಡಿಯುವುದು ರೂಢಿ. 1939ರ ಆಗಸ್ಟನ್ನು 100 ಎಂದಿಟ್ಟುಕೊಂಡರೆ ಅದು 1945–46ರಲ್ಲಿ 244.9, 1947–48ರಲ್ಲಿ 308.2, 1948–49ರಲ್ಲಿ 376.2. ಕೊರಿಯಾ ಯುದ್ಧದ ಬಿಸಿ ತಾಗಿದ 1951–52ರಲ್ಲಿ 434.6. ಚಲಾವಣೆಯಲ್ಲಿದ್ದ ನೋಟುಗಳು ಯುದ್ಧದ ಆರಂಭದಲ್ಲಿ ಸುಮಾರು 180 ಕೋಟಿ ರೂಪಾಯಿಯಷ್ಟಿದ್ದರೆ 1945ರ ಕೊನೆಗೆ 1,200 ಕೋಟಿಯ ಆಸುಪಾಸಿಗೆ ಬಂದಿದ್ದವು. ಅಂಕಿಗಳು ಸರಿಯೇ. ಆದರೆ ಗೇಣಿಯನ್ನು ಭತ್ತದಲ್ಲಿ ಅಳೆದು ಕೊಡುವ, ಕೂಲಿಯನ್ನೂ ಭತ್ತದಲ್ಲೇ ಪಡೆಯುವ ಸೀಮೆಯನ್ನು ಈ ಸೂಚ್ಯಂಕ ಅರ್ಧ ಮಾತ್ರ ಓದಬಲ್ಲದು. ಅಕ್ಕಿ ಕೊಳಗದ ಮೂಲಕ ಮನೆಗೆ ಬರುತ್ತಿತ್ತೋ ದುಡ್ಡಿನ ಮೂಲಕ ಬರುತ್ತಿತ್ತೋ ಎಂಬುದರ ಮೇಲೆ ಆ ಮನೆಯ ಕಷ್ಟ ನಿಂತಿತ್ತು. ಕಂಟ್ರೋಲಿನ ವರ್ಷಗಳು ಕೊಳಗ ಆಳುತ್ತಿದ್ದ ಕಡೆಗೂ ದುಡ್ಡನ್ನೂ ಸರ್ಕಾರವನ್ನೂ ಕರೆತಂದವು. ಇಲ್ಲಿನ ಜನಪ್ರಿಯ ಕಲೆಯಾದ ಯಕ್ಷಗಾನದ ಆಟವೂ ಇದೇ ಹಾದಿಯಲ್ಲಿ ಬದಲಾಯಿತೆಂಬುದು ನನ್ನ ವಾದ.

ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತದ ಜಿಲ್ಲೆ. 1862ರಿಂದ ಹಾಗೆಯೇ ಇದ್ದು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಕರಾವಳಿಗೆ ರೈಲಿರಲಿಲ್ಲ. ಹೊನ್ನಾವರದಲ್ಲಿ ಶರಾವತಿಗೆ ಸೇತುವೆಯಿರಲಿಲ್ಲ; ಕಾಸರಕೋಡಿನ ಕಡೆಗೆ ದಾಟಬೇಕಾದವರು ದೋಣಿ ಕಾಯಬೇಕಿತ್ತು. ಸರಕು ಬರುತ್ತಿದ್ದದ್ದು ಸಮುದ್ರದಿಂದ, ಮಚವೆಗಳಲ್ಲಿ ಮತ್ತು ಮುಂಬಯಿಯ ಆಗಬೋಟುಗಳಲ್ಲಿ. ಇಲ್ಲವೇ ದೇವಿಮನೆ, ಗೇರುಸೊಪ್ಪೆ ಘಟ್ಟಗಳ ಮೇಲಿಂದ. ಮೂರೂ ಬಂದರುಗಳು ಮಳೆಗಾಲದಲ್ಲಿ ಮುಚ್ಚುತ್ತಿದ್ದವು. ಜೂನ್‌ಗೆ ಮುಂಚೆ ಬಂದಿಳಿದ ಧಾನ್ಯದಲ್ಲೇ ಆಷಾಢ, ಶ್ರಾವಣ ಕಳೆಯಬೇಕು. ಗದ್ದೆಯಲ್ಲಿ ನೆಟ್ಟಿಯ ಕೆಲಸ ಭರದಿಂದ ಸಾಗುವ, ಕಣಜ ಬರಿದಾಗುವ ತಿಂಗಳುಗಳೂ ಇವೇ. ಉಪ್ಪುಸೊಳೆ, ಹಲಸಿನ ಬೇಳೆ, ಮಾವಿನ ಮಿಡಿ, ಒಣಮೀನು ಇವುಗಳ ದಾಸ್ತಾನಿಲ್ಲದೆ ಈ ಸೀಮೆಯ ಮಳೆಗಾಲವೇ ಇಲ್ಲ. ಮಲಬಾರಿನಿಂದ ಮುಂಬಯಿಯವರೆಗೆ ಪಶ್ಚಿಮ ಕರಾವಳಿ ಬರ್ಮಾದ ಅಕ್ಕಿಯನ್ನು ನಂಬಿತ್ತು. 1942ರಲ್ಲಿ ರಂಗೂನು ಜಪಾನೀಯರ ವಶವಾದಾಗ ಆ ಅಕ್ಕಿ ನಿಂತಿತು. ಮುಂಬಯಿ ನಗರದಲ್ಲಿ 1943ರ ಮೇ ತಿಂಗಳಲ್ಲಿ ಪಡಿತರ ಶುರುವಾಯಿತು.

1946ರ ಆರಂಭದಲ್ಲಿ ವಯಸ್ಕರ ಪಡಿತರ ದಿನಕ್ಕೆ 12 ಔನ್ಸಿಗೆ ಇಳಿಯಿತು. 1951ರ ಜನವರಿಯಲ್ಲಿ 9 ಔನ್ಸಿಗೆ. ಇಂದಿನ ಲೆಕ್ಕದಲ್ಲಿ ಮೊದಲನೆಯದು ಸುಮಾರು 340 ಗ್ರಾಂ, ಎರಡನೆಯದು 255 ಗ್ರಾಂ. ಆರು ಮಂದಿ ವಯಸ್ಕರಿರುವ ಮನೆಗೆ ದಿನಕ್ಕೆ ಎರಡು ಕಿಲೋ ಇದ್ದದ್ದು ಒಂದೂವರೆ ಕಿಲೋ ಆಯಿತು. ಎರಡು ಹೊತ್ತಿನ ಊಟ ಮತ್ತು ಬೆಳಗಿನ ಗಂಜಿ ಎಲ್ಲವೂ ಇದರಲ್ಲೇ ಆಗಬೇಕು. ಇದು ನಗರಗಳ ಕಾಯ್ದೆಬದ್ಧ ಪಡಿತರದ ಅಳತೆ. ಹಳ್ಳಿಯ ಕಡೆ ವ್ಯವಸ್ಥೆ ಇದಕ್ಕಿಂತ ಸಡಿಲ, ಅಷ್ಟೇ ಅನಿಶ್ಚಿತ. ಕೊಡುವ ಧಾನ್ಯವೂ ಬೇಕಾದದ್ದೇ ಆಗಿರಲಿಲ್ಲ. ಕುಚ್ಚಲಕ್ಕಿಯ ಗಂಜಿ ಉಂಡು ಗದ್ದೆಗಿಳಿಯುವವರಿಗೆ ಜೋಳ, ಗೋಧಿ ಸಿಕ್ಕರೆ ಅದನ್ನು ಬೀಸುವ, ಬಡಿಯುವ, ಬೇಯಿಸುವ ರೂಢಿಯೇ ಮನೆಯಲ್ಲಿಲ್ಲ. ಘಟ್ಟದಾಚೆಯ ಧಾರವಾಡದ ಹೆಣ್ಣುಮಗಳಿಗೆ ದಿನದ ಕೆಲಸವಾದ ರೊಟ್ಟಿ ಹೊನ್ನಾವರದ ಒಲೆಗೆ ಹೊಸ ವಿದ್ಯೆ. ಪಡಿತರದ ಅಧಿಕಾರಿಗಳ ಲೆಕ್ಕದಲ್ಲಿ ಔನ್ಸಿಗೆ ಔನ್ಸು ಸಮವಿದ್ದರೂ ಈ ಕಾರಣಕ್ಕೇ ಹೊಟ್ಟೆಯ ಲೆಕ್ಕ ಹೊಂದುತ್ತಿರಲಿಲ್ಲ.

ಗಾಂಧೀಜಿಯವರ ಒತ್ತಾಯದಿಂದ 1947ರ ಡಿಸೆಂಬರಿನಲ್ಲಿ ಧಾನ್ಯದ ನಿಯಂತ್ರಣವನ್ನು ಸಡಿಲಿಸಲಾಯಿತು, ಬಟ್ಟೆಯದು ಮರುತಿಂಗಳು. ನಿಯಂತ್ರಣದಿಂದಲೇ ಕಾಳಸಂತೆ ಹುಟ್ಟುತ್ತದೆಂಬ ಅವರ ಮಾತಿನಲ್ಲಿ ನೈತಿಕ ಬಲವಿತ್ತು. ಪೇಟೆ ಆ ನೈತಿಕತೆಗೆ ಓಗೊಡಲಿಲ್ಲ. 1947ರ ನವೆಂಬರಿನಲ್ಲಿ 302 ಇದ್ದ ಸೂಚ್ಯಂಕ 1948ರ ಜುಲೈಗೆ 390ರ ಹತ್ತಿರ ಹೋಯಿತು. ಆ ವರ್ಷ ಮುಗಿಯುವುದರೊಳಗೆ ಕಂಟ್ರೋಲು ಮತ್ತೆ ಬಂತು. ಕೈಗೆ ಕಾಸು ಬರುವುದು ಸುಗ್ಗಿಯ ನಂತರ, ಅಕ್ಕಿ ಕೊಳ್ಳಬೇಕಾಗುವುದು ಮಳೆಗಾಲದಲ್ಲಿ ಎಂಬ ಸೀಮೆಗೆ ಈ ಏರಿಕೆ ಅತ್ಯಂತ ಕೆಟ್ಟ ತಿಂಗಳುಗಳಲ್ಲಿ ಬಡಿಯಿತು.

ಭೂಮಿಯ ಸಂಬಂಧಗಳನ್ನು ನೋಡದೆ ಬೆಲೆಯ ಮಾತು ಪೂರ್ತಿಯಾಗದು. ಇಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಬಗೆಯ ಒಕ್ಕಲುತನ. ಮೂಲಗೇಣಿದಾರನದು ಶಾಶ್ವತ ಹಕ್ಕು, ನಿಗದಿಯಾದ ಗೇಣಿ. ಆ ಗೇಣಿ ನಗದಿನಲ್ಲಿದ್ದರೆ ಬೆಲೆ ಮೂರು ಪಟ್ಟಾದಾಗ ಅವನ ಹೊರೆ ತಾನಾಗಿ ಹಗುರವಾಯಿತು. ಶಾಶ್ವತ ಹಕ್ಕಿಲ್ಲದ ಚಾಲಗೇಣಿಯವನ ಕಥೆ ಬೇರೆ. ಅವನು ಧಣಿಗೆ ಅಳೆಯಬೇಕಾದ ಭತ್ತ ಅಷ್ಟೇ ಇತ್ತು. ಅದರ ಬೆಲೆ ಏರಿದ ಲಾಭವೆಲ್ಲ ಧಣಿಯದು. ಗೇಣಿ ಅಳೆದು, ಬೀಜಕ್ಕೆ ತೆಗೆದಿಟ್ಟು ಉಳಿದದ್ದು ಮಳೆಗಾಲದ ನಡುವೆ ಮುಗಿದರೆ ಅವನೇ ಬೆಳೆದ ಭತ್ತವನ್ನು ಏರಿದ ಬೆಲೆಗೆ ಅವನೇ ಕೊಳ್ಳಬೇಕು. ಮಿಗತೆ ಭತ್ತವನ್ನು ಸರ್ಕಾರ ಗೊತ್ತುಮಾಡಿದ ದರಕ್ಕೆ ಒಪ್ಪಿಸಬೇಕೆಂಬ ಲೆವಿ ಇದರ ಮೇಲೆ ಬಂತು. ಭತ್ತದಲ್ಲಿ ಕೂಲಿ ಪಡೆಯುತ್ತಿದ್ದ ಹಾಲಕ್ಕಿ, ಮುಕ್ರಿ ಮುಂತಾದ ಸಮುದಾಯಗಳ ದುಡಿಮೆಗಾರರಿಗೆ ಅನ್ನದ ಮಟ್ಟಿಗೆ ಸ್ವಲ್ಪ ರಕ್ಷಣೆಯಿತ್ತು. ಬಟ್ಟೆ, ಸೀಮೆಎಣ್ಣೆ, ಔಷಧಿಗೆ ಅವರೂ ದುಡ್ಡಿನ ಲೋಕಕ್ಕೆ ಬರಲೇಬೇಕು. ಅಲ್ಲಿ ಅವರ ಕೈಯಲ್ಲಿ ಏನೂ ಇರಲಿಲ್ಲ.

ಅಂಕೋಲೆಯ ದಿನಕರ ದೇಸಾಯಿಯವರ ರೈತಕೂಟದ ಹೋರಾಟವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಯುದ್ಧಕಾಲದಲ್ಲಿ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. 1948ರ ಮುಂಬಯಿ ಗೇಣಿ ಕಾಯ್ದೆ ಗರಿಷ್ಠ ಗೇಣಿಯನ್ನು ನೀರಾವರಿಯ ಜಮೀನಿಗೆ ಬೆಳೆಯ ನಾಲ್ಕನೆಯ ಒಂದು, ಉಳಿದದ್ದಕ್ಕೆ ಮೂರನೆಯ ಒಂದು ಪಾಲಿಗೆ ಮಿತಿಗೊಳಿಸಿತು. ಕಾಗದದ ಮೇಲಿನ ಮಿತಿ ಕಣಕ್ಕೆ ಬರಲು ರೈತರ ಸಂಘಟನೆಯೇ ಬೇಕಿತ್ತು. ಅದೇ ವರ್ಷ ಬಂದ ಮುಂಬಯಿ ಖಾರ್‌ಲ್ಯಾಂಡ್ ಕಾಯ್ದೆಗೂ ಈ ಕರಾವಳಿಗೂ ನೇರ ಸಂಬಂಧವಿದೆ. ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳಲ್ಲಿ ಕಟ್ಟೆ ಕಟ್ಟಿ ಉಪ್ಪುನೀರನ್ನು ತಡೆದು, ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವುದು ಹಳೆಯ ಪದ್ಧತಿ. ಒಂದೊಂದು ಸೇರು ಭತ್ತಕ್ಕೂ ಬೆಲೆ ಬಂದಿದ್ದ ಕಾಲದಲ್ಲಿ ಸರ್ಕಾರ ಊರವರ ಈ ಮಣ್ಣಿನ ಕಟ್ಟೆಯ ಕಡೆಗೂ ತಿರುಗಿ ನೋಡಿತು.

ಕಾಲದ ಒತ್ತಡವನ್ನು ಒಂದು ನಾಣ್ಯದಲ್ಲೂ ಕಾಣಬಹುದು. 1943ರಿಂದ 1947ರವರೆಗೆ ಟಂಕಿಸಿದ ತೂತಿನ ಪೈಸೆ ಸುಮಾರು ಎರಡು ಗ್ರಾಂ ತೂಗುತ್ತದೆ. ಅದಕ್ಕೆ ಮುಂಚಿನ ಕಾಲಾಣೆ ಐದು ಗ್ರಾಮಿಗೆ ಸ್ವಲ್ಪ ಕಡಿಮೆ. ಲೋಹ ಉಳಿಸಲು ನಡುವನ್ನೇ ಕೊರೆದು ತೆಗೆದರು. ಚಿಲ್ಲರೆಗೆ ಬರ ಬಂದಿತ್ತು, ನೋಟು ಮಾತ್ರ ಹೆಚ್ಚಿತ್ತು. 1946ರ ಜನವರಿಯಲ್ಲಿ ಕಾಳಧನ ಹಿಡಿಯಲೆಂದು 500, 1,000, 10,000 ರೂಪಾಯಿಯ ನೋಟುಗಳನ್ನು ರದ್ದು ಮಾಡಿದಾಗ ಆ ಸುದ್ದಿ ಕುಮಟೆಯ ಮಂಡಿ ವ್ಯಾಪಾರಿಗಳಿಗೆ ತಟ್ಟಿರಬಹುದು. ತೂತಿನ ಪೈಸೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಸಂತೆಗೆ ಹೋಗುವವಳಿಗೆ ಅದು ಬೇರೆ ಲೋಕದ ಮಾತು.

ಕಡಲಿನ ಕಡೆಯಿಂದಲೂ ನೆಮ್ಮದಿಯಿರಲಿಲ್ಲ. 1940ರ ದಶಕದ ನಡುವಿನಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ತಾರ್ಲೆ ಮೀನಿನ ಫಸಲು ಕುಸಿಯಿತು. ಬಡವರ ಮೀನು ಅದು; ಅಕ್ಕಿ ಕಡಿಮೆಯಾದಾಗ ಊಟಕ್ಕೆ ಆಧಾರವಾಗಬೇಕಾದದ್ದು ಅದೇ ಹೊತ್ತಿಗೆ ಕೈಕೊಟ್ಟಿತು. ಉಪ್ಪಿನ ವಿಷಯದಲ್ಲಿ ಮಾತ್ರ ಒಂದು ಸಂತೋಷದ ದಿನವಿದೆ. 1947ರ ಏಪ್ರಿಲ್ 1ರಿಂದ ಉಪ್ಪಿನ ತೆರಿಗೆ ರದ್ದಾಯಿತು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿದ ಜಿಲ್ಲೆ ಇದು. ಕುಮಟಾ ತಾಲೂಕಿನ ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು ಬೆಳೆಯುವ ಸೀಮೆ. ಸ್ವಾತಂತ್ರ್ಯಕ್ಕೆ ನಾಲ್ಕೂವರೆ ತಿಂಗಳು ಮುಂಚೆಯೇ ಇಲ್ಲಿನವರ ಒಂದು ಬೇಡಿಕೆ ಈಡೇರಿತ್ತು.

ಯುದ್ಧದಿಂದ ಈ ಜಿಲ್ಲೆಗೆ ಆದ ಒಂದು ದೊಡ್ಡ ಉಪಕಾರವನ್ನೂ ಹೇಳಲೇಬೇಕು. ಜಾವಾ ಜಪಾನೀಯರ ಪಾಲಾದ ಮೇಲೆ ಕ್ವಿನೈನ್ ದುರ್ಲಭವಾಗಿತ್ತು, ಘಟ್ಟದ ಜ್ವರಕ್ಕೆ ಊರುಗಳೇ ಸೊರಗುತ್ತಿದ್ದವು. ಸೈನ್ಯಕ್ಕೆಂದು ಬಳಕೆಗೆ ಬಂದ ಡಿಡಿಟಿಯನ್ನು ಹಳ್ಳಿಗಳ ಮನೆಗೋಡೆಗಳಿಗೆ ಸಿಂಪಡಿಸುವ ದೊಡ್ಡ ಪ್ರಯೋಗ ದೇಶದಲ್ಲೇ ಮೊದಲಿಗೆ ನಡೆದ ಕಡೆಗಳಲ್ಲಿ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳು ಮುಖ್ಯ. ಮುಂಬಯಿ ಪ್ರಾಂತದ ಮಲೇರಿಯಾ ತಜ್ಞ ಡಿ. ಕೆ. ವಿಶ್ವನಾಥನ್ ಯುದ್ಧ ಮುಗಿದ ಕೂಡಲೇ ಇದನ್ನು ಕೈಗೊಂಡರು. 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಇಲ್ಲಿನ ಅನುಭವ ಬುನಾದಿಯಾಯಿತು. ಪಡಿತರ ಚೀಟಿ ಬರೆಯಲು ಬಂದ ಸರ್ಕಾರವೇ ಪಂಪು ಹೊತ್ತು ಒಳಕೋಣೆಯವರೆಗೂ ಬಂತು. ಸರ್ಕಾರವೆಂದರೆ ಮಾಮಲೇದಾರರ ಕಚೇರಿ ಎಂದಷ್ಟೇ ತಿಳಿದಿದ್ದ ಜನಕ್ಕೆ ಇದು ಬೇರೆಯದೇ ಪರಿಚಯ.

ಪಾನನಿಷೇಧದ ಪರಿಣಾಮ ಹೆಚ್ಚು ಕಹಿ. 1950ರ ಏಪ್ರಿಲ್ 6ರಿಂದ ಮುಂಬಯಿ ರಾಜ್ಯದಲ್ಲಿ ಪೂರ್ಣ ಪಾನನಿಷೇಧ ಬಂತು. ಹೊನ್ನಾವರ, ಭಟ್ಕಳದ ತೆಂಗಿನ ತೋಟಗಳಲ್ಲಿ ಶೇಂದಿ ಇಳಿಸುವುದು ಅನೇಕ ನಾಮಧಾರಿ ಕುಟುಂಬಗಳ ಕೈಕಾಸಿನ ಮೂಲವಾಗಿತ್ತು. ಶೇಂದಿಯ ಹುಳಿಯಲ್ಲಿ ಉಬ್ಬಿಸುವ ಕ್ರೈಸ್ತರ ಮನೆಯ ‘ಸಣ್ಣ’ ಎಂಬ ತಿಂಡಿ ಕೂಡ ಕಾಯ್ದೆಯ ನೆರಳಿಗೆ ಬಂತು. ಪೋರ್ಚುಗೀಸರ ಗೋವಾ ಈ ಜಿಲ್ಲೆಯ ಗಡಿಗೆ ತಾಗಿಕೊಂಡೇ ಇತ್ತು. ಕಳ್ಳಸಾಗಣೆಗೆ ದಾರಿ ದೂರವಿರಲಿಲ್ಲ. ಸುಧಾರಣೆಯ ಸದುದ್ದೇಶವನ್ನು ಒಪ್ಪಿಕೊಂಡೇ ಹೇಳಬೇಕಾದ ಮಾತು: ಕುಡಿತ ನಿಂತಿತೋ ಇಲ್ಲವೋ, ಮರ ಹತ್ತುವವನ ದುಡಿಮೆಯಂತೂ ನಿಂತಿತು.

ಇನ್ನು ಆಟದ ಮಾತು. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ್ದರು. ಮೇಳವೊಂದರ ಸಾಮಗ್ರಿಯನ್ನು ಒಮ್ಮೆ ಕಣ್ಣಿಗೆ ತಂದುಕೊಂಡರೆ ಕಂಟ್ರೋಲಿನ ಕಾಲ ಕಲಾವಿದರನ್ನು ಹೇಗೆ ಕಟ್ಟಿಹಾಕಿತ್ತೆಂದು ತಿಳಿಯುತ್ತದೆ. ಮುಂಡಾಸು ಸುತ್ತಲು ಹಲವು ಮಾರು ಬಟ್ಟೆ ಬೇಕು. ಕಸೆ ಸೀರೆ, ದಗಲೆ, ತೆರೆ, ಚೌಕಿಯ ಮರೆ ಎಲ್ಲಕ್ಕೂ ಬಟ್ಟೆಯೇ. ಹಿಲಾಲಿನ ಬದಲು ಗ್ಯಾಸ್‌ಲೈಟ್ ಬಂದ ಮೇಲೆ ಇರುಳಿಡೀ ಉರಿಯಲು ಸೀಮೆಎಣ್ಣೆ ಬೇಕು. ಮುಖಕ್ಕೆ ಹಚ್ಚುವ ಸಫೇತು, ಇಂಗಳೀಕ ಪೇಟೆಯಿಂದ ಬರಬೇಕು. ಮೇಳ ಊರಿಗೆ ಬಂದರೆ ಎರಡು ಹೊತ್ತು ಊಟಕ್ಕೆ ಅಕ್ಕಿ ಬೇಕು. ಬಟ್ಟೆ, ಎಣ್ಣೆ, ಅಕ್ಕಿ ಮೂರೂ ಚೀಟಿಯ ಸರಕು. ಆದರೂ ಸುಗ್ಗಿಯ ನಂತರ ಬಯಲಲ್ಲಿ ಚೆಂಡೆಯ ದನಿ ಎದ್ದೇ ಎದ್ದಿತು.

ಬಯಲಾಟದ ಆರ್ಥಿಕತೆ ಕೊಳಗದ ಲೋಕದ್ದು. ಆಡಿಸುವವನು ವೀಳ್ಯ ಕೊಟ್ಟು ಮೇಳವನ್ನು ಕರೆಸುತ್ತಾನೆ, ಊಟ ಹಾಕುತ್ತಾನೆ. ನೋಡಲು ಬರುವವರಿಗೆ ಖರ್ಚಿಲ್ಲ. ಗದ್ದೆಯ ಹೆಚ್ಚುವರಿಯೇ ಅದರ ಬಂಡವಾಳ. ಆ ಹೆಚ್ಚುವರಿ ಲೆವಿಗೆ ಹೋಗಿ, ಉಳಿದದ್ದಕ್ಕೆ ಕಾಳಸಂತೆಯಲ್ಲಿ ಬೆಲೆ ಕುದುರಿದಾಗ ಆಟ ಆಡಿಸುವ ಧಣಿಯ ಕೈ ಹಿಂದೆ ಸರಿಯುವುದು ಸಹಜ. ಇತ್ತ ಮುಂಬಯಿಯ ಹೋಟೆಲು, ಗಿರಣಿ, ಕಚೇರಿಗಳಲ್ಲಿ ದುಡಿಯುವವರ ಮನಿಆರ್ಡರು, ಅಡಿಕೆ–ತೆಂಗಿನ ಏರಿದ ಧಾರಣೆ ಇವುಗಳಿಂದ ಸಣ್ಣವರ ಕೈಗೂ ಚೂರುಪಾರು ಚಿಲ್ಲರೆ ಬರತೊಡಗಿತ್ತು. ಕಂಪನಿ ನಾಟಕ, ಟೂರಿಂಗ್ ಟಾಕೀಸುಗಳ ಡೇರೆ ಜನಕ್ಕೆ ಟಿಕೇಟಿನ ರೂಢಿ ಹತ್ತಿಸಿತ್ತು. ಕಂಟ್ರೋಲು ಸಡಿಲವಾದ ಐವತ್ತರ ದಶಕದಲ್ಲಿ ಕರಾವಳಿಯ ಉದ್ದಕ್ಕೂ ಟಿಕೇಟಿನ ಡೇರೆ ಮೇಳಗಳು ಹಬ್ಬಿದ್ದಕ್ಕೆ ಕಾರಣ ಇಲ್ಲಿದೆ. ಒಬ್ಬ ಧಣಿಯ ಭತ್ತದ ಬದಲು ನೂರಾರು ಜನರ ಆಣೆಗಳು ಮೇಳವನ್ನು ಸಾಕತೊಡಗಿದವು. ಸಿನಿಮಾದಿಂದಾಗಿ ಯಕ್ಷಗಾನ ವ್ಯಾಪಾರವಾಯಿತೆಂಬ ಸಾಮಾನ್ಯ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಪೋಷಣೆಯ ಹಳೆಯ ಆಧಾರ ಕುಸಿದಾಗ ಕಲಾವಿದರು ಬದುಕಿನ ಹೊಸ ಆಧಾರವನ್ನು ಹುಡುಕಿಕೊಂಡರು. ಹೊಸಾಕುಳಿಯ ಚಿಟ್ಟಾಣಿ ರಾಮಚಂದ್ರ ಹೆಗಡೆ (1933–2017) ಗೆಜ್ಜೆ ಕಟ್ಟಿ ಬೆಳೆದದ್ದು ಈ ವರ್ಷಗಳಲ್ಲೇ. ಟಿಕೇಟು ಕೊಂಡ ಪ್ರೇಕ್ಷಕನೇ ಅವರನ್ನು ತಾರೆಯಾಗಿಸಿದ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ 1957ರಲ್ಲಿ ಹೊರಬಂದದ್ದೂ ಈ ಸ್ಥಿತ್ಯಂತರದ ಹೊತ್ತಿನಲ್ಲಿ. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿ ಕನ್ನಡದ ದನಿಯನ್ನು ಘಟ್ಟದ ಕೆಳಗೂ ತಂದಿತು, ಬ್ಯಾಟರಿ ರೇಡಿಯೋ ಇದ್ದ ಕೆಲವೇ ಮನೆಗಳಿಗಾದರೂ.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಜಾರಿಗೆ ಬಂತು. ಒಂದು ಆಣೆಗೆ ಲೆಕ್ಕದಲ್ಲಿ ಆರೂಕಾಲು ನಯೇಪೈಸೆ, ಕೈಯಲ್ಲಿ ಆರು. ಸೇರು, ಕೊಳಗಗಳ ಜಾಗಕ್ಕೆ ಮೆಟ್ರಿಕ್ ಅಳತೆ ಬರತೊಡಗಿದ್ದು ಮರುವರ್ಷ. ಈ ಲೇಖನ ಎತ್ತಿಕೊಂಡ ಕಾಲದ ಗಡಿಯನ್ನು ಅಲ್ಲಿ ಗುರುತಿಸಬಹುದು.

ಈ ಚರಿತ್ರೆಯ ಮುಖ್ಯ ಆಕರಗಳು ದಿಲ್ಲಿ, ಮುಂಬಯಿಗಳ ದಫ್ತರಗಳಿಗಿಂತ ಹೆಚ್ಚಾಗಿ ಇಲ್ಲಿನ ಅಟ್ಟಗಳ ಮೇಲಿವೆ: ಗೇಣಿ ಚೀಟಿ, ಅಂಗಡಿಯ ಕಿರ್ದಿ, ಸಹಕಾರಿ ಸಂಘದ ಪಡಿತರ ಪುಸ್ತಕ, ಮೇಳದ ವೀಳ್ಯದ ಲೆಕ್ಕ, ಮುಂಬಯಿಯಿಂದ ಬಂದ ಮನಿಆರ್ಡರಿನ ತುಂಡು. ಮನೆ ರಿಪೇರಿಗೆ ಇಳಿಯುವಾಗ ಇವನ್ನು ಗುಜರಿಗೆ ಹಾಕದಿರಿ. ಹತ್ತಿರದ ಕಾಲೇಜಿಗೋ ಗ್ರಂಥಾಲಯಕ್ಕೋ ಒಂದು ಪ್ರತಿ ತಲುಪಿಸಿ. ಕಾಲೇಜುಗಳ ಇತಿಹಾಸ ವಿಭಾಗಗಳು ಮುಂದಿನ ಮಳೆಗಾಲದೊಳಗೆ ಈ ಸಂಗ್ರಹಕ್ಕೆ ಕೈಹಾಕಲಿ.