ಕಾರವಾರದ ಐ.ಎನ್.ಎಸ್. ಚಪಲ್ ಯುದ್ಧನೌಕೆ ವಸ್ತುಸಂಗ್ರಹಾಲಯ

ಪೀಠಿಕೆ

ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ಭಾಗದ ನಾಗರಿಕರು ನಾನಾ ಸೇವೆಗಳಿಗಾಗಿ ಜಿಲ್ಲಾ ಕೇಂದ್ರವಾದ ಕಾರವಾರಕ್ಕೆ ಬರುತ್ತಾರೆ. ದಾಂಡೇಲಿಯ ಮೂಲಕ ಹರಿದುಬರುವ ಕಾಳಿ ನದಿಯೂ ಕಾರವಾರದಲ್ಲಿಯೇ ಸಮುದ್ರವನ್ನು ಸೇರುತ್ತದೆ. ಇಲ್ಲಿನ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಭಾರತೀಯ ನೌಕಾಪಡೆಯಿಂದ ನಿವೃತ್ತಿ ಹೊಂದಿದ ಐ.ಎನ್.ಎಸ್. ಚಪಲ್ ಯುದ್ಧನೌಕೆಯನ್ನು ಸಾರ್ವಜನಿಕ ವೀಕ್ಷಣೆಗಾಗಿ ಇರಿಸಲಾಗಿದೆ. ಸ್ಥಳೀಯವಾಗಿ ಇದನ್ನು ‘ಚಾಪೆಲ್’ ಎಂದೂ ಕರೆಯುವುದುಂಟು. ಸಂಸ್ಕೃತದ ‘ಚಪಲ’ ಪದಕ್ಕೆ ಚುರುಕಾದ, ಕ್ಷಿಪ್ರವಾದ ಎಂಬ ಅರ್ಥವಿದೆ.

ನೌಕೆಯ ವಿವರ

• ವರ್ಗ: ಚಮಕ್ ವರ್ಗದ ಕ್ಷಿಪಣಿ ದೋಣಿ (ಸೋವಿಯತ್ ಒಕ್ಕೂಟದ ಓಸಾ-2 ಮಾದರಿ)
• ಗುರುತಿನ ಸಂಖ್ಯೆ: ಕೆ-94
• ಉದ್ದ: ಸುಮಾರು 38.6 ಮೀಟರ್
• ಅಗಲ: ಸುಮಾರು 7.6 ಮೀಟರ್
• ತೂಕ: ಪೂರ್ಣ ಭಾರದೊಂದಿಗೆ ಸುಮಾರು 245 ಟನ್
• ಯಂತ್ರ: 3 ಡೀಸೆಲ್ ಎಂಜಿನ್‌ಗಳು
• ಶಸ್ತ್ರಾಸ್ತ್ರ: ನೌಕೆಗಳ ಮೇಲೆ ಪ್ರಯೋಗಿಸುವ 4 ಕ್ಷಿಪಣಿಗಳು, 30 ಮಿ.ಮೀ.ನ 2 ಜೋಡಿ ಫಿರಂಗಿಗಳು

ಸೇವಾ ಇತಿಹಾಸ

1967ರ ಅಕ್ಟೋಬರ್ 21ರಂದು ಈಜಿಪ್ಟಿನ ಕ್ಷಿಪಣಿ ದೋಣಿಗಳು ಇಸ್ರೇಲಿನ ಐಲಾತ್ ಯುದ್ಧನೌಕೆಯನ್ನು ಮುಳುಗಿಸಿದವು. ಸಣ್ಣ ದೋಣಿಯೊಂದು ದೊಡ್ಡ ಹಡಗನ್ನು ದೂರದಿಂದಲೇ ನಾಶಪಡಿಸಬಲ್ಲದು ಎಂಬುದು ಇದರಿಂದ ಸಿದ್ಧವಾಯಿತು. ಆ ನಂತರ ಭಾರತವು ಸೋವಿಯತ್ ಒಕ್ಕೂಟದಿಂದ ಓಸಾ-1 ಮಾದರಿಯ 8 ದೋಣಿಗಳನ್ನು ಪಡೆಯಿತು. ಇವುಗಳಲ್ಲಿ ನಿರ್ಘಾತ್, ನಿಪಾತ್ ಮತ್ತು ವೀರ್ ದೋಣಿಗಳು 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ನಡೆಸಿದವು. ಈ ಕಾರ್ಯಾಚರಣೆಯ ಸ್ಮರಣಾರ್ಥ ಪ್ರತಿ ವರ್ಷ ಡಿಸೆಂಬರ್ 4ರಂದು ನೌಕಾಪಡೆ ದಿನವನ್ನು ಆಚರಿಸಲಾಗುತ್ತದೆ.

ಈ ಯಶಸ್ಸಿನ ತರುವಾಯ ಸುಧಾರಿತ ಓಸಾ-2 ಮಾದರಿಯ 8 ದೋಣಿಗಳನ್ನು ತರಿಸಲಾಯಿತು. ಪ್ರಚಂಡ್, ಪ್ರಳಯ, ಪ್ರತಾಪ್, ಪ್ರಬಲ್, ಚಪಲ್, ಚಮಕ್, ಚಾತಕ್ ಮತ್ತು ಚಿರಾಗ್ ಎಂಬುವು ಅವುಗಳ ಹೆಸರುಗಳು. ಚಪಲ್ 1976ರ ನವೆಂಬರ್ 4ರಂದು ಸೇವೆಗೆ ಸೇರ್ಪಡೆಗೊಂಡು, 28 ವರ್ಷ 6 ತಿಂಗಳ ಸೇವೆಯ ಬಳಿಕ 2005ರ ಮೇ 5ರಂದು ನಿವೃತ್ತಿ ಹೊಂದಿತು. ಅದೇ ತಿಂಗಳ 31ರಂದು ಕಾರವಾರದ ಐ.ಎನ್.ಎಸ್. ಕದಂಬ ನೌಕಾನೆಲೆಯು ಕಾರ್ಯಾರಂಭ ಮಾಡಿತು.

ಸ್ಪಷ್ಟೀಕರಣ

ಚಪಲ್ 1971ರ ಯುದ್ಧದಲ್ಲಿ ಪಾಲ್ಗೊಂಡಿತ್ತು ಎಂಬ ಮಾತು ಪ್ರಚಲಿತದಲ್ಲಿದೆ. ಆದರೆ ಇದು ಸೇವೆಗೆ ಸೇರಿದ್ದು ಯುದ್ಧ ಮುಗಿದು ಸುಮಾರು 5 ವರ್ಷಗಳ ನಂತರ. ಕರಾಚಿಯ ಕಾರ್ಯಾಚರಣೆಯ ಶ್ರೇಯಸ್ಸು ಅದಕ್ಕಿಂತ ಹಿಂದಿನ ತಂಡದ ದೋಣಿಗಳಿಗೂ ಅವುಗಳ ಸಿಬ್ಬಂದಿಗೂ ಸಲ್ಲತಕ್ಕದ್ದು. ಇದರಿಂದ ಚಪಲ್‌ನ ಗೌರವಕ್ಕೆ ಕುಂದುಂಟಾಗುವುದಿಲ್ಲ. ಶಾಂತಿಕಾಲದಲ್ಲಿ ಸದಾ ಸನ್ನದ್ಧವಾಗಿದ್ದು ಕರಾವಳಿಯನ್ನು ಕಾಯುವುದೂ ಯುದ್ಧದಷ್ಟೇ ಹೊಣೆಯ ಸೇವೆಯಾಗಿದೆ. ಶಾಲಾ ಪ್ರಬಂಧ ಹಾಗೂ ಪ್ರವಾಸ ವರದಿಗಳನ್ನು ಸಿದ್ಧಪಡಿಸುವವರು ಈ ಅಂಶವನ್ನು ಗಮನಿಸಬೇಕಾಗಿ ಕೋರಲಾಗಿದೆ.

ವಸ್ತುಸಂಗ್ರಹಾಲಯ

2006ರ ನವೆಂಬರ್ ತಿಂಗಳಿನಿಂದ ನೌಕೆಯು ವಸ್ತುಸಂಗ್ರಹಾಲಯವಾಗಿದೆ. ಕ್ಷಿಪಣಿಗಳನ್ನು ಇರಿಸುತ್ತಿದ್ದ ದುಂಡನೆಯ ಕೊಳವೆಗಳನ್ನು ಹೊರಗಿನಿಂದಲೇ ಕಾಣಬಹುದು. ಒಳಗೆ ಸಮವಸ್ತ್ರ ತೊಡಿಸಿದ ಬೊಂಬೆಗಳ ಮೂಲಕ ನಾವಿಕರ ಕರ್ತವ್ಯಗಳನ್ನು ತೋರಿಸಲಾಗಿದೆ. ಸಮೀಪದಲ್ಲಿಯೇ ನೌಕಾಪಡೆಯ ಟುಪೊಲೆವ್-142 ವಿಮಾನವನ್ನೂ ಪ್ರದರ್ಶನಕ್ಕಿಡಲಾಗಿದೆ. ಈ ಮಾದರಿಯ ವಿಮಾನಗಳು 1988ರಿಂದ 2017ರವರೆಗೆ ಸೇವೆಯಲ್ಲಿದ್ದವು.

ಸಂದರ್ಶಕರಿಗೆ ಸೂಚನೆಗಳು

1. ನೌಕೆಯ ಒಳದಾರಿಗಳು ಇಕ್ಕಟ್ಟಾಗಿದ್ದು, ಮೆಟ್ಟಿಲುಗಳು ಕಡಿದಾಗಿವೆ. ಮಕ್ಕಳು ಮತ್ತು ಹಿರಿಯ ನಾಗರಿಕರು ಎಚ್ಚರಿಕೆ ವಹಿಸತಕ್ಕದ್ದು.
2. ಶಾಲಾ ತಂಡಗಳು ಸಣ್ಣ ಗುಂಪುಗಳಾಗಿ, ಶಿಕ್ಷಕರೊಂದಿಗೆ ಪ್ರವೇಶಿಸುವುದು ಸೂಕ್ತ.
3. ಉಪಕರಣಗಳನ್ನು ಮುಟ್ಟಬಾರದು, ಗೋಡೆಗಳ ಮೇಲೆ ಬರೆಯಬಾರದು.
4. ದೂರದ ತಾಲ್ಲೂಕುಗಳಿಂದ ಬರುವವರು ಪ್ರವೇಶದ ವೇಳೆಯನ್ನು ಮುಂಚಿತವಾಗಿ ವಿಚಾರಿಸಿಕೊಂಡು ಬರುವುದು ಒಳಿತು.

ಈ ನೌಕೆಯು ಸಾರ್ವಜನಿಕ ಆಸ್ತಿಯಾಗಿದ್ದು, ಅದರ ಸಂರಕ್ಷಣೆಯಲ್ಲಿ ಸಹಕರಿಸಲು ನಾಗರಿಕರಲ್ಲಿ ಕೋರಲಾಗಿದೆ.